ಮಗ ಜಾಣ, ಆದರೆ ಒಂಟಿ: ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಕೇಳಿದವರು: ಹಾಸನದ ತಾಯಿ

ಮಗನಿಗೆ ಎಂಟು ವರ್ಷ, ಮೂರನೇ ತರಗತಿ. ಅಕ್ಕನ ಏಳನೇ ತರಗತಿಯ ವಿಜ್ಞಾನ ಪುಸ್ತಕ ಓದಿ ಮುಗಿಸಿದ್ದಾನೆ. ಇನ್ನು ಸುಮಾರು 500 ಕೋಟಿ ವರ್ಷಕ್ಕೆ ಸೂರ್ಯನ ಆಯಸ್ಸು ಮುಗಿಯುತ್ತದೆ ಎಂದು ತಿಳಿದ ದಿನದಿಂದ ರಾತ್ರಿ ಹೊತ್ತು ಅಳುತ್ತಾನೆ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ 'ಅಧಿಕಪ್ರಸಂಗಿ' ಎನ್ನುತ್ತಾರಂತೆ. ಹುಟ್ಟುಹಬ್ಬಕ್ಕೆ ಹನ್ನೊಂದು ಮಕ್ಕಳನ್ನು ಕರೆದಿದ್ದೆ, ಬಂದವರು ಇಬ್ಬರು. ನೆಂಟರು ಮಾತ್ರ 'ನಿಮ್ಮ ಮನೆಯಲ್ಲಿ ರಾಮಾನುಜನ್ ಹುಟ್ಟಿದ್ದಾನೆ' ಎಂದು ಹೊಗಳುತ್ತಾರೆ. ಇಂಥ ಮಕ್ಕಳನ್ನು ಬೆಳೆಸಿದವರು, ಇಂಥ ಮಕ್ಕಳಾಗಿದ್ದವರು ದಯವಿಟ್ಟು ದಾರಿ ಹೇಳಿ.

ಶಿರಸಿ ಕಡೆಯವರು, ನಿವೃತ್ತ ಬ್ಯಾಂಕ್ ಉದ್ಯೋಗಿ

ತಂಗಿ, ನಿಮ್ಮ ಮಗ ಇರುವ ಜಾಗದಲ್ಲಿ ಐವತ್ತು ವರ್ಷಗಳ ಹಿಂದೆ ನಾನಿದ್ದೆ. ನಮ್ಮ ಮಾಸ್ತರು ಮಗ್ಗಿ ಕೇಳುತ್ತಿದ್ದರು. ಬಾರದವರು ಸಾಲಾಗಿ ನಿಲ್ಲಬೇಕು; ಹೇಳಿದವರು ಹೋಗಿ ಅವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ದಿನವೂ ಹೊಡೆಯುವವಳು ನಾನೇ. ಮೆಲ್ಲಗೆ ತಟ್ಟಿದರೆ, ಹೊಡೆಯುವುದು ಹೇಗೆಂದು ಮಾಸ್ತರು ನನ್ನ ಕೆನ್ನೆಯ ಮೇಲೆಯೇ ತೋರಿಸಿಕೊಡುತ್ತಿದ್ದರು. ಒಂದು ದಿನ ನನ್ನ ಜೊತೆ ಕುಂಟೆಬಿಲ್ಲೆ ಆಡುವ ಗೆಳತಿಯ ಸರದಿ ಬಂತು. ಹೊಡೆದೆ. ಅವಳು ಮತ್ತೆ ನಮ್ಮ ಅಂಗಳಕ್ಕೆ ಬರಲಿಲ್ಲ. ಮುಂದಿನ ವಾರ ಹದಿನೇಳರ ಮಗ್ಗಿ ನನಗೆ ಬರುವುದಿಲ್ಲ ಎಂದು ಹೇಳಿ ಸಾಲಿನಲ್ಲಿ ನಿಂತುಬಿಟ್ಟೆ. ಆಮೇಲೆ ಮೂರು ವರ್ಷ ಬೇಕೆಂದೇ ತಪ್ಪು ಬರೆದೆ. ಮನೆಯಲ್ಲಿ ಯಾರೂ ಕೇಳಲಿಲ್ಲ, ಹೆಣ್ಣು ಮಗು ತಾನೆ.

ನನ್ನನ್ನು ಉಳಿಸಿದ್ದು ತಾಳಮದ್ದಳೆ. ಸೋದರಮಾವ ಕಂಬಳಿ ಹೊದಿಸಿ ಕರೆದೊಯ್ಯುತ್ತಿದ್ದರು. ಅಲ್ಲಿ ಕರ್ಣ ಒಂದು ಪ್ರಶ್ನೆ ಎತ್ತಿದರೆ ಕೃಷ್ಣ ಉತ್ತರ ಕೊಡಲೇಬೇಕು, ವಾದ ಎಷ್ಟು ಬೆಳೆದರೆ ಸಭೆಗೆ ಅಷ್ಟು ಖುಷಿ. ಪ್ರಶ್ನೆ ಕೇಳುವುದಕ್ಕೆ ಜನ ತಲೆದೂಗುತ್ತಾರೆ ಎಂದು ನನಗೆ ಗೊತ್ತಾಗಿದ್ದೇ ಅಲ್ಲಿ. ಮನೆಗೆ ನಡೆದು ಬರುವಾಗ ಮಾವ ನನ್ನ ಅನುಮಾನಗಳನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅಂಥ ಒಬ್ಬರು ನಿಮ್ಮ ಮಗನಿಗೂ ಬೇಕು. ಹಾಗೆಯೇ ಒಂದು ಸಂಗತಿ ವಿಚಾರಿಸಿ: ಅವನನ್ನು ಕ್ಲಾಸ್ ಲೀಡರ್ ಮಾಡಿ, ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಸುತ್ತಿದ್ದಾರೆಯೇ?

ತುಮಕೂರಿನ ತಂದೆ

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮಗಳ ಲೀಡರ್ ಕೆಲಸ ಬಿಡಿಸಿದೆವು. ತಿಂಗಳೊಳಗೆ ಡಬ್ಬಿ ಹಂಚಿಕೊಂಡು ತಿನ್ನುವ ಗೆಳತಿಯರಿಬ್ಬರು ಸಿಕ್ಕರು. ಈಜಿಗೂ ಸೇರಿಸಿದೆವು, ಅಲ್ಲಿ ಅವಳು ಎಲ್ಲರಿಗಿಂತ ಹಿಂದೆ. ಮೊದಲ ವಾರ ಅತ್ತಳು. ಈಗ ತನಗಿಂತ ಚೆನ್ನಾಗಿ ಈಜುವ ಹುಡುಗಿಯ ಬಗ್ಗೆಯೇ ಮನೆಯಲ್ಲಿ ಮಾತು.

ಮೈಸೂರಿನ ಆಪ್ತಸಮಾಲೋಚಕಿ

ಲೆಟಾ ಹಾಲಿಂಗ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ ನ್ಯೂಯಾರ್ಕಿನಲ್ಲಿ 1916ರಿಂದ ಇಂಥ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಯೋಚನೆ ದೊಡ್ಡವರದು, ಅದನ್ನು ತಾಳಿಕೊಳ್ಳಬೇಕಾದ ಮನಸ್ಸು ಮಾತ್ರ ಮಗುವಿನದು. ಕಷ್ಟ ಹುಟ್ಟುವುದು ಇಲ್ಲಿ ಎಂದು ಅವರು ಕಂಡುಕೊಂಡರು. ನಿಮ್ಮ ಮಗನ ಸೂರ್ಯನ ಚಿಂತೆ ಇದೇ. 'ಅದೆಲ್ಲ ನಿನಗೇಕೆ' ಎನ್ನಬೇಡಿ. ಭಯ ಅವನದು, ನಿಜವಾದದ್ದು. ರಾತ್ರಿ ಲೆಕ್ಕ ಬಿಡಿಸಿ ಹೇಳುವುದೂ ಬೇಡ. ಆ ಹೊತ್ತಿಗೆ ಅವನು ಎಂಟು ವರ್ಷದವನು, ತಬ್ಬಿ ಮಲಗಿಸಿ. ಬೆಳಿಗ್ಗೆ ಕೂತು ಮಾತಾಡಿ. ರಜೆಯಲ್ಲಿ ಬೆಂಗಳೂರಿನ ನೆಹರು ತಾರಾಲಯಕ್ಕೆ ಕರೆದೊಯ್ಯಿರಿ. ನಕ್ಷತ್ರಗಳ ಬಗ್ಗೆ ಅವನಷ್ಟೇ ತಲೆಕೆಡಿಸಿಕೊಂಡ ಮಕ್ಕಳು ಅಲ್ಲಿ ಸಿಗಬಹುದು.

ನಿದ್ದೆ, ಊಟ ವಾರಗಟ್ಟಲೆ ಕೆಟ್ಟರೆ ಮಕ್ಕಳ ಮನೋವೈದ್ಯರನ್ನು ಕಾಣಲು ಹಿಂಜರಿಯಬೇಡಿ. ಬುದ್ಧಿಮತ್ತೆಯ ಪರೀಕ್ಷೆ ಮಾಡಿಸಿದರೆ ಆ ಅಂಕಿ ನೆಂಟರ ಕಿವಿಗೆ ಬೀಳದಿರಲಿ. ಶಾಲೆಯಲ್ಲಿ ಮಾತಾಡುವಾಗ 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ನೆನಪಿಸಿ. ವಿಶೇಷ ಆಸಕ್ತಿ, ಪ್ರತಿಭೆ ಇರುವ ಮಕ್ಕಳಿಗೆ ಪಠ್ಯದಾಚೆಗೂ ಪ್ರೋತ್ಸಾಹ ಕೊಡಬೇಕು, ವಿಷಯವಾರು ಕೂಟಗಳಿರಬೇಕು ಎಂದು ಅದರಲ್ಲಿದೆ.

ಗಣಿತದ ಉಪನ್ಯಾಸಕ, ಧಾರವಾಡ

ಡಬಲ್ ಪ್ರಮೋಷನ್ ಕೊಡಿಸಿ ಎನ್ನುವವರು ನಿಮಗೂ ಸಿಗುತ್ತಾರೆ. ನನಗೆ ಎರಡನೇ ತರಗತಿ ಹಾರಿಸಿದ್ದರು. ಪಾಠದ ಬೇಸರ ಹೋಯಿತು, ಅದನ್ನು ಒಪ್ಪುತ್ತೇನೆ. ಆದರೆ ಕಬಡ್ಡಿಗೆ ನನ್ನನ್ನು ಯಾವ ತಂಡವೂ ಸೇರಿಸಿಕೊಳ್ಳಲಿಲ್ಲ. ಮಗನನ್ನೇ ಕೇಳದೆ ನಿರ್ಧರಿಸಬೇಡಿ.

ರಾಮಾನುಜನ್ ಹೆಸರೆತ್ತುವ ನೆಂಟರಿಗೆ ಇಷ್ಟು ಹೇಳಿ: ಆತ ಗಣಿತವೊಂದರಲ್ಲೇ ಮುಳುಗಿ ಉಳಿದ ವಿಷಯಗಳಲ್ಲಿ ನಪಾಸಾದರು, ವಿದ್ಯಾರ್ಥಿವೇತನ ಕಳೆದುಕೊಂಡರು, 1905ರಲ್ಲಿ ಹದಿನೇಳರ ವಯಸ್ಸಿಗೆ ಮನೆಬಿಟ್ಟು ವಿಶಾಖಪಟ್ಟಣಕ್ಕೆ ಓಡಿಹೋದರು. ಆ ಹುಡುಗನ ಸಂಕಟವನ್ನು ಯಾರೂ ನಿಮ್ಮ ಮಗನಿಗೆ ಹಾರೈಸುವುದು ಬೇಡ.

ಹಾಸನದ ತಾಯಿ

ಎಲ್ಲರಿಗೂ ಕೈಮುಗಿಯುತ್ತೇನೆ. ಸಂಜೆ ಮಗನನ್ನು ಕೇಳಿದೆ. ಹೌದು, ಜೂನ್‌ನಿಂದ ಅವನೇ ಲೀಡರ್, ಹೆಸರು ಬರೆಯುವುದೂ ಅವನೇ. 'ನಿನ್ನೆ ನನ್ನ ಹೆಸರನ್ನೂ ಬರೆದೆ ಅಮ್ಮ, ನಾನೂ ಮಾತಾಡಿದ್ದೆ' ಎಂದ. ಸೋಮವಾರ ಶಾಲೆಗೆ ಹೋಗಿ ಟೀಚರ್ ಜೊತೆ ಮಾತಾಡುತ್ತೇನೆ.