ಅಮ್ಮನಿಗೆ ಹೊಸ ಇನ್ಹೇಲರ್ ಬರೆದಿದ್ದಾರೆ, ಹಳೆಯದೇ ವಾಸಿನಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ 64. ಬೀಡಿ ಮುಟ್ಟಿದವರಲ್ಲ, ಸೌದೆ ಒಲೆ ಮುಂದೆಯೇ ಆಯುಸ್ಸು ಕಳೆದವರು. ಊದಿಸಿ ನೋಡಿ ಸಿಒಪಿಡಿ (ಉಸಿರುನಾಳ ಕಿರಿದಾಗುವ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಅಂದರು. ಇದುವರೆಗೆ ಉಬ್ಬಸ ಬಂದಾಗ ಸಾಲ್ಬುಟಮಾಲ್ ಪಂಪ್ ಹೊಡೆದುಕೊಳ್ಳುತ್ತಿದ್ದರು. ಈಗ ದಿನಕ್ಕೊಮ್ಮೆ ಟಿಯೋಟ್ರೋಪಿಯಮ್ ಕ್ಯಾಪ್ಸೂಲ್ ಎಳೆಯಬೇಕಂತೆ. "ಇದರಿಂದ ಏನೂ ಗೊತ್ತಾಗಲ್ಲ, ಹಳೇದೇ ವಾಸಿ" ಅಂತಾರೆ. ಫಾರ್ಮೋಟೆರಾಲ್ ಇನ್ನೂ ಒಳ್ಳೆಯದಾ?

ಡಾಕ್ಟರ್: ಅಮ್ಮ ಹೇಳುವುದರಲ್ಲಿ ಅರ್ಥವಿದೆ. ಸಾಲ್ಬುಟಮಾಲ್ ಐದು ನಿಮಿಷದಲ್ಲಿ ಕೆಲಸ ಶುರು ಮಾಡುತ್ತದೆ, 4ರಿಂದ 6 ಗಂಟೆಗೆ ಮುಗಿಯುತ್ತದೆ. ಟಿಯೋಟ್ರೋಪಿಯಮ್ ನಿಧಾನ, ಆದರೆ ಉಸಿರುನಾಳ ಬಿಗಿಯಾಗದಂತೆ 24 ಗಂಟೆ ನೋಡಿಕೊಳ್ಳುತ್ತದೆ. ಆರಾಮವಿರುವ ದಿನವೂ ತಪ್ಪಿಸಬಾರದು. ಪಂಪ್ ಎಸೆಯಬೇಡಿ, ದಿಢೀರ್ ಉಬ್ಬಸಕ್ಕೆ ಅದೇ ಬೇಕು.

ಫಾರ್ಮೋಟೆರಾಲ್ ಬೇಗ ಹಿಡಿಯುತ್ತದೆ, 12 ಗಂಟೆ ಇರುತ್ತದೆ. ಅದೇ ಗುಂಪಿನ ಸಾಲ್ಮೆಟೆರಾಲ್ ಜೊತೆ ಟಿಯೋಟ್ರೋಪಿಯಮ್ ಹೋಲಿಸಿದ ಅಧ್ಯಯನ 2011ರಲ್ಲಿ ಬಂತು, 7,300ಕ್ಕೂ ಹೆಚ್ಚು ರೋಗಿಗಳು. ಕಾಯಿಲೆ ಏಕಾಏಕಿ ಉಲ್ಬಣಿಸುವ ಅಪಾಯ ಟಿಯೋಟ್ರೋಪಿಯಮ್‌ನಲ್ಲಿ ಶೇ 17 ಕಡಿಮೆ. ಒಂದರಿಂದ ಏದುಸಿರು ತಗ್ಗದಿದ್ದರೆ ಟಿಯೋಟ್ರೋಪಿಯಮ್, ಫಾರ್ಮೋಟೆರಾಲ್ ಎರಡೂ ಗುಂಪಿನ ಔಷಧ ಸೇರಿಸುತ್ತೇವೆ. ಈಗಂತೂ ಹೆಚ್ಚು ಏದುಸಿರಿದ್ದವರಿಗೆ ಮೊದಲಿಗೇ ಜೋಡಿ ಕೊಡುವುದುಂಟು.

ಔಷಧದ ಹೆಸರಿಗಿಂತ ನನಗೆ ಎಳೆಯುವ ರೀತಿಯದೇ ಹೆಚ್ಚು ಚಿಂತೆ. ಕ್ಯಾಪ್ಸೂಲ್ ನುಂಗುವವರನ್ನೂ ನೋಡಿದ್ದೇನೆ! ಸಾಧನದಲ್ಲಿಟ್ಟು ಚುಚ್ಚಿ, ಉಸಿರು ಪೂರ್ತಿ ಹೊರಬಿಟ್ಟು, ಬಾಯಿಗಿಟ್ಟು ಜೋರಾಗಿ ಆಳವಾಗಿ ಎಳೆದು, ಹತ್ತು ಎಣಿಸುವವರೆಗೆ ತಡೆಹಿಡಿಯಬೇಕು. ಪಂಪ್ ಇದಕ್ಕೆ ಉಲ್ಟಾ, ನಿಧಾನವಾಗಿ ಎಳೆಯಬೇಕು; ಸ್ಪೇಸರ್ (ಪಂಪ್‌ಗೆ ಜೋಡಿಸುವ ಕೊಳವೆ) ಇದ್ದರೆ ವಯಸ್ಸಾದವರಿಗೆ ಸುಲಭ. ಜೋರಾಗಿ ಎಳೆಯುವಷ್ಟು ತ್ರಾಣ ಅಮ್ಮನಿಗಿಲ್ಲದಿದ್ದರೆ ಸಾಧನವನ್ನೇ ಬದಲಿಸಲು ಕೇಳಿ.

ಇನ್ನೊಬ್ಬ ಸದಸ್ಯರು: ಸರ್, ನಮ್ಮ ಮಾವನವರಿಗೂ ಟಿಯೋಟ್ರೋಪಿಯಮ್ ಇದೆ, ಪ್ರಾಸ್ಟೇಟ್ ತೊಂದರೆಯೂ ಇದೆ. ಸ್ಟೀರಾಯ್ಡ್ ಇರುವ ಇನ್ಹೇಲರ್ ಇನ್ನೂ ಪವರ್‌ಫುಲ್ ಅಂತಾರಲ್ಲ?

ಡಾಕ್ಟರ್: ಟಿಯೋಟ್ರೋಪಿಯಮ್‌ನಿಂದ ಮೂತ್ರ ಕಟ್ಟಿದರೆ ಅಥವಾ ಕಣ್ಣು ನೋವು, ಮಂಜು ಕಾಣಿಸಿಕೊಂಡರೆ ತಡಮಾಡದೆ ತೋರಿಸಿ. ಬಾಯಿ ಒಣಗುವುದು ಸಾಮಾನ್ಯ, ನೀರು ಮುಕ್ಕಳಿಸಿದರೆ ಸಾಕು. ಸ್ಟೀರಾಯ್ಡ್ ಎಲ್ಲರಿಗೂ ಬೇಡ, ನ್ಯುಮೋನಿಯಾ ಅಪಾಯ ಹೆಚ್ಚಿಸುತ್ತದೆ. ಪದೇಪದೇ ಉಲ್ಬಣಿಸುವವರಲ್ಲಿ, ರಕ್ತದ ಇಯೋಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಮೈಕ್ರೋಲೀಟರ್‌ಗೆ 300 ದಾಟಿದ್ದರೆ ಅದರಿಂದ ಲಾಭ ಜಾಸ್ತಿ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ತಾವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು: ಅಮ್ಮ ಇವತ್ತಿಗೂ ನೀರು ಕಾಯಿಸೋದು ಸೌದೆಯಲ್ಲೇ ಸರ್.

ಡಾಕ್ಟರ್: ಅದನ್ನು ಮೊದಲು ನಿಲ್ಲಿಸಿಮ್ಮ.