ಹೊಂಗೆ ಎಣ್ಣೆಯಲ್ಲಿ ಹಳೆಯ ಪಿಕಪ್ ಓಡಿಸಿದರೆ ನಿಜಕ್ಕೂ ದುಡ್ಡು ಉಳಿಯುತ್ತದೆಯೇ?

ಮಾವಿನತೋಪು, ಶ್ರೀನಿವಾಸಪುರ:

ನನ್ನದು 2008ರ ಡೀಸೆಲ್ ಪಿಕಪ್. ಸುಗ್ಗಿಯಲ್ಲಿ ಮಾವು, ಉಳಿದ ದಿನ ಟೊಮೆಟೊ ಹೊತ್ತು ಕೋಲಾರದ ಎಪಿಎಂಸಿಗೆ ಹೋಗುತ್ತೇನೆ. ದಿನಕ್ಕೆ ಹತ್ತು ಲೀಟರ್ ಕುಡಿಯುತ್ತದೆ. ಲೀಟರಿಗೆ ₹90ರ ಆಸುಪಾಸು. ಟೊಮೆಟೊ ಬೆಲೆ ನೆಲಕಚ್ಚಿದ ವಾರ ರೈತನ ಮುಖ ನೋಡಿ ಪೂರ್ತಿ ಬಾಡಿಗೆ ಕೇಳಲು ಬಾಯಿ ಬರುವುದಿಲ್ಲ.

ಬದುವಿನ ಮೇಲೆ ತಾತ ನೆಟ್ಟ ಹದಿನಾಲ್ಕು ಹೊಂಗೆ ಮರಗಳಿವೆ. ಕಾಯಿ ಸುಮ್ಮನೆ ಉದುರಿ ಹೋಗುತ್ತಿದೆ. ಹೆದ್ದಾರಿ ಬದಿಯಲ್ಲಿ ಹೋಟೆಲು ನಡೆಸುವ ಭಾವಮೈದ ಕರಿದು ಉಳಿದ ಎಣ್ಣೆಯನ್ನು ಬಿಟ್ಟಿ ಕೊಡುತ್ತೇನೆ ಎನ್ನುತ್ತಾನೆ. ಎರಡನ್ನೂ ಸೇರಿಸಿ ಬಯೋಡೀಸೆಲ್, ಅಂದರೆ ಡೀಸೆಲ್ಲಿನ ಬದಲು ಹಾಕುವಂತೆ ತೆಳುಮಾಡಿದ ಎಣ್ಣೆ, ಮಾಡಿಕೊಂಡರೆ ಹೇಗೆ? ಕೈಯಾರೆ ಮಾಡಿದವರು ಹೇಳಿ. ವಿಡಿಯೊ ಕೊಂಡಿ ಕಳಿಸಬೇಡಿ, ಅವನ್ನು ನೋಡಿಯೇ ಈ ಹುಚ್ಚು ಹತ್ತಿದ್ದು.

ಹೆದ್ದಾರಿ48, ತುಮಕೂರು:

ಗಾಡಿ ಮಾರಿ ಸಿಎನ್‌ಜಿಯದು ತೆಗೆದುಕೊಳ್ಳಿ. ತಲೆನೋವು ಇಲ್ಲ.

ಮಾವಿನತೋಪು:

ಸಾಲದ ಕಂತು ತೀರಿದ ಗಾಡಿಯನ್ನು ಮಾರಿ ಹೊಸ ಕಂತು ಕಟ್ಟುವುದು ತಲೆನೋವಲ್ಲವೇ ಸರ್? ಇದಕ್ಕೇ ಗ್ಯಾಸ್ ಕಿಟ್ ಹಾಕಿಸೋಣವೆಂದರೆ ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಪೆಟ್ರೋಲ್ ಗಾಡಿಯಷ್ಟು ಸುಲಭವಲ್ಲ ಎಂದು ಮೆಕ್ಯಾನಿಕ್ ಕೈಯಲ್ಲಾಡಿಸಿಬಿಟ್ಟ.

ಗಾಣದಮನೆ, ಮಧುಗಿರಿ:

ಅಣ್ಣ, ಮೂರು ವರ್ಷ ಈ ಕೆಲಸ ಮಾಡಿ ಕೈ ಸುಟ್ಟುಕೊಂಡವನು ನಾನು. ಒಮ್ಮೆ ನಿಜವಾಗಿಯೂ ಸುಟ್ಟುಕೊಂಡಿದ್ದೇನೆ.

ಮೊದಲು ನಿಮ್ಮ ಮರಗಳ ಲೆಕ್ಕ. ನಮ್ಮ ಕಡೆ ಬೆಳೆದ ಮರಕ್ಕೆ ಸರಾಸರಿ 15 ಕಿಲೋ ಬೀಜ ಸಿಕ್ಕರೆ ಪುಣ್ಯ. ಒಂದು ಲೀಟರ್ ಎಣ್ಣೆಗೆ ಸುಮಾರು 4 ಕಿಲೋ ಬೀಜ ಬೇಕು. ಹದಿನಾಲ್ಕು ಮರಕ್ಕೆ 210 ಕಿಲೋ, ಅಂದರೆ ಐವತ್ತು ಲೀಟರಿನ ಮೇಲೆ ಒಂದೆರಡು. ತಾತನ ಮರಗಳೆಲ್ಲ ವರ್ಷವಿಡೀ ಬಿಸಿಲು ಕುಡಿದು ನಿಮ್ಮ ಗಾಡಿಯನ್ನು ಓಡಿಸುವುದು ಐದು ದಿನ.

ಬೀಜ ಕೊಂಡು ಮಾಡುತ್ತೇನೆ ಎನ್ನಬೇಡಿ. ನಾನು ಕೊನೆಯ ಬಾರಿ ಮಾಡಿದಾಗ ಬೀಜ ಕಿಲೋಗೆ ₹28 ಇತ್ತು. ನಾಲ್ಕು ಕಿಲೋಗೆ ₹112, ಗಾಣದ ಕೂಲಿ ₹20. ಮೂರು ಕಿಲೋದಷ್ಟು ಹಿಂಡಿ ಮಾರಿದರೆ ₹50 ವಾಪಸು. ಅಲ್ಲಿಗೆ ಹಸಿ ಎಣ್ಣೆಯೇ ₹82. ಅದನ್ನು ಬಯೋಡೀಸೆಲ್ ಮಾಡಲು ಮೆಥನಾಲ್ ಎಂಬ ವಿಷದ ಸ್ಪಿರಿಟ್ಟು, ಕಾಸ್ಟಿಕ್ ಸೋಡಾ, ಕಾಯಿಸುವ ಸೌದೆ ಸೇರಿ ಇನ್ನೂ ₹20. ನನ್ನ ಭಾನುವಾರಗಳಿಗೆ ಬೆಲೆ ಕಟ್ಟಿಲ್ಲ. ಸ್ವಂತ ಮರದ್ದಾದರೆ ಬಿಟ್ಟಿ ಎನ್ನುತ್ತೀರೇನೋ, ಆದರೆ ಮಾರಿದರೆ ₹28 ಬರುವ ಬೀಜ ಬಿಟ್ಟಿ ಹೇಗಾಗುತ್ತದೆ?

ಹೋಟೆಲಿನ ಎಣ್ಣೆಗೆ ಇಷ್ಟು ಖರ್ಚಿಲ್ಲ, ಗೋಳು ಹೆಚ್ಚು. ಮೊದಲು ಕಾಯಿಸಿ ನೀರಿನಂಶ ತೆಗೆಯಬೇಕು. ಚಿಟಪಟ ಸದ್ದು ಪೂರ್ತಿ ನಿಲ್ಲಬೇಕು. ಆಮೇಲೆ ಹುಳಿ, ಅಂದರೆ ಆಮ್ಲ, ಎಷ್ಟಿದೆ ಎಂದು ನೋಡಬೇಕು. ಸ್ಪಿರಿಟ್ಟಿನಲ್ಲಿ ಒಂದು ಮಿಲಿ ಎಣ್ಣೆ ಕದಡಿ, ಚಿಟಿಕೆ ಅರಿಶಿನ ಹಾಕಿ, ತೆಳುವಾದ ಕಾಸ್ಟಿಕ್ ನೀರನ್ನು ತೊಟ್ಟು ತೊಟ್ಟಾಗಿ ಬಿಡುತ್ತಿದ್ದೆ. ಹಳದಿ ಹೋಗಿ ಆರತಿ ನೀರಿನ ಕೆಂಪು ಬರುವಷ್ಟರಲ್ಲಿ ಎಷ್ಟು ಹಿಡಿಯಿತೋ ಅದರ ಮೇಲೆ ಕಾಸ್ಟಿಕ್ಕಿನ ಅಳತೆ. ಒಂದು ದಿನ ಅವಸರದಲ್ಲಿ ಇದನ್ನು ಬಿಟ್ಟೆ. ಬೆಳಗ್ಗೆ ಡ್ರಮ್ಮಿನ ಮುಚ್ಚಳ ತೆಗೆದರೆ ನಲವತ್ತು ಲೀಟರೂ ರಾಗಿ ಗಂಜಿಯಂತೆ ಗಟ್ಟಿಯಾಗಿತ್ತು. ಅಷ್ಟೂ ಸಾಬೂನು! ಮನೆಯವಳು ಅದರಲ್ಲಿ ಎರಡು ತಿಂಗಳು ಕೊಟ್ಟಿಗೆ ತೊಳೆದಳು, ಇಂದಿಗೂ ಆಡಿಕೊಳ್ಳುತ್ತಾಳೆ. ಹೊಂಗೆ ಎಣ್ಣೆಯಲ್ಲಿ ಹುಳಿ ಇನ್ನೂ ಹೆಚ್ಚು. ಎಷ್ಟೋ ಸಲ ಮೊದಲು ಗಂಧಕಾಮ್ಲದ ಒಂದು ಸುತ್ತು, ಆಮೇಲೆ ಕಾಸ್ಟಿಕ್.

ಮೆಥನಾಲ್ ಹುಡುಗಾಟವಲ್ಲ. 65 ಡಿಗ್ರಿಗೇ ಕುದಿಯುತ್ತದೆ, ಹೊತ್ತಿಕೊಂಡರೆ ಹಗಲಿನಲ್ಲಿ ಜ್ವಾಲೆ ಕಣ್ಣಿಗೆ ಬೀಳುವುದಿಲ್ಲ, ಹೊಟ್ಟೆಗೆ ಹೋದರೆ ಕಣ್ಣೂ ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಮಕ್ಕಳಿರುವ ಮನೆಯ ಹಿತ್ತಿಲಿನಲ್ಲಿ ಬೇಡವೇ ಬೇಡ. ನಾನು ನಿಲ್ಲಿಸಿದ್ದು ಈ ಭಯಕ್ಕೇ.

ಪಂಪ್‌ನಾಝಲ್, ಗೌರಿಬಿದನೂರು:

ಇಪ್ಪತ್ತು ವರ್ಷದಿಂದ ಎಂಜಿನ್ನಿನ ಡೀಸೆಲ್ ಪಂಪು ಬಿಚ್ಚುವುದೇ ನನ್ನ ಕೆಲಸ. ಯಜಮಾನರೇ, ಹಸಿ ಎಣ್ಣೆಯನ್ನೇ ಟ್ಯಾಂಕಿಗೆ ಸುರಿಯುವ ಆಲೋಚನೆ ಇದ್ದರೆ ಈಗಲೇ ಬಿಡಿ. ಡೀಸೆಲ್ಲಿಗಿಂತ ಅದು ಹತ್ತು ಪಟ್ಟು ಮಂದ. ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಝಲ್ ಮಂಜಿನಂತೆ ಚೆಲ್ಲಬೇಕಾದದ್ದು ದಾರದಂತೆ ಬೀಳುತ್ತದೆ, ಅರೆಬೆಂದು ತುದಿಯಲ್ಲಿ ಕರಿ ಕಟ್ಟುತ್ತದೆ, ಪಿಸ್ಟನ್ ರಿಂಗು ಅಂಟಿಕೊಳ್ಳುತ್ತದೆ. ಡಿಸೆಂಬರಿನ ಬೆಳಗ್ಗೆ ಸ್ಟಾರ್ಟ್ ಮಾಡಿ ನೋಡಿ, ಆಗ ಗೊತ್ತಾಗುತ್ತದೆ.

ಸರಿಯಾಗಿ ಮಾಡಿದ ಬಯೋಡೀಸೆಲ್ ಬೇರೆ ಮಾತು. ನಿಮ್ಮ ಹಳೆಯ ಮೆಕ್ಯಾನಿಕಲ್ ಪಂಪು ಅದನ್ನು ತಾಳಿಕೊಳ್ಳುತ್ತದೆ. ಆದರೆ ಅದು ಟ್ಯಾಂಕಿನ ತಳದ ಹಳೆಯ ಕೊಳೆಯನ್ನೆಲ್ಲ ಕಿತ್ತು ತರುವುದರಿಂದ ಮೊದಲ ತಿಂಗಳು ಫಿಲ್ಟರ್ ಪದೇ ಪದೇ ಕಟ್ಟುತ್ತದೆ. ಹಳೆಯ ರಬ್ಬರ್ ಪೈಪುಗಳು ಉಬ್ಬಿ ಜಿನುಗುತ್ತವೆ. ಲೀಟರಿಗೆ ಮೈಲೇಜೂ ತುಸು ಕಡಿಮೆ. 2020ರ ನಂತರದ, ಹೊಸ ಹೊಗೆ ನಿಯಮದ ಬಿಎಸ್6 ಗಾಡಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಮನೆಯಲ್ಲಿ ಕಾಯಿಸಿದ್ದನ್ನು ಅದರ ಹತ್ತಿರಕ್ಕೂ ತರಬೇಡಿ. ಡೀಸೆಲ್ ಚಿಮ್ಮಿಸುವ ಒಂದು ಸೆಟ್ ಇಂಜೆಕ್ಟರಿನ ಬೆಲೆಯಲ್ಲಿ ವರ್ಷಗಟ್ಟಲೆ ಉಳಿಸಿದ್ದು ಕೊಚ್ಚಿಹೋಗುತ್ತದೆ.

ಮಾವಿನತೋಪು:

ಹಾಗಾದರೆ ನಮ್ಮ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ನೀರೆತ್ತಿದರು ಎನ್ನುವುದು?

ಗಾಣದಮನೆ:

ಅದು ನಿಜ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಮಾಡಿ ತೋರಿಸಿದ್ದು. 1900ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನು ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತಲ್ಲ. ಆದರೆ ಜನರೇಟರ್ ನಿಂತಲ್ಲೇ ನಿಂತು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಬಿಸಿಯಾಗಿ ಓಡುವ ಎಂಜಿನ್. ನಿಮ್ಮ ಪಿಕಪ್ಪು ಮಂಡಿಯ ಗೇಟಿನಲ್ಲಿ ಹತ್ತು ಸಲ ನಿಂತು ಹೊರಡುತ್ತದೆ. ನನ್ನ ತೋಟದ ಪಂಪ್‌ಸೆಟ್ಟಿಗೆ ಈಗಲೂ ಸ್ವಲ್ಪ ಹೊಂಗೆ ಎಣ್ಣೆ ಬೆರೆಸುತ್ತೇನೆ. ಡೀಸೆಲ್ಲಿನಲ್ಲಿ ಶುರುಮಾಡಿ, ಬಿಸಿಯಾದ ಮೇಲೆ ಬೆರಕೆ ಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್. ಕೆಟ್ಟರೆ ಸ್ಪ್ಯಾನರ್ ಹಿಡಿದು ನಾನೇ ಕೂರುತ್ತೇನೆ. ಟೊಮೆಟೊ ತುಂಬಿದ ಗಾಡಿ ನಡುದಾರಿಯಲ್ಲಿ ನಿಂತರೆ ಏನು ಮಾಡುತ್ತೀರಿ?

ಕಾಯಿಯನ್ನು ಮಾತ್ರ ಉದುರಲು ಬಿಡಬೇಡಿ. ಗಾಣ ಆಡಿಸಿ, ಹಿಂಡಿಯನ್ನು ಮಾವಿನ ಬುಡಕ್ಕೆ ಹಾಕಿ.

ಮಾವಿನತೋಪು:

ಐದು ದಿನದ ಲೆಕ್ಕ ಕೇಳಿ ಅಪ್ಪ ನಕ್ಕಿದ್ದೇ ನಕ್ಕಿದ್ದು. ಸದ್ಯ ನಾಝಲ್ ಬಿಚ್ಚಿಸಿ, ಟೈರಿನ ಗಾಳಿ ಸರಿಮಾಡಿಸಿ, ವಾಪಸು ಬರುವಾಗ ಖಾಲಿ ಬಾರದಂತೆ ಗೊಬ್ಬರದ ಅಂಗಡಿಯವರೊಂದಿಗೆ ಮಾತಾಡಿದ್ದೇನೆ. ಹಿಂಡಿ ಮಾವಿಗೆ.

ಇನ್ನು ಭಾವಮೈದನ ಕಥೆ. ಕರಿದ ಎಣ್ಣೆ ಕೊಳ್ಳುವ ಏಜೆಂಟ್ ಬಂದು ಲೀಟರಿಗೆ ₹45 ಕೊಡುತ್ತೇನೆ ಎಂದನಂತೆ. ಅಂದಿನಿಂದ ಅವನು ನನ್ನ ಫೋನ್ ಎತ್ತುತ್ತಿಲ್ಲ.