ಪಾರಿವಾಳದ ಮೊಟ್ಟೆ ದೂರದಿಂದ ತಂದು ಬೇರೆ ಜೋಡಿಗೆ ಇಟ್ಟವರು ನಿಮ್ಮ ಅನುಭವ ಹೇಳಿ

ಹೊಸಗೂಡು:
ಗೆಳೆಯರೊಬ್ಬರ ಬಳಿ ಟಂಬ್ಲರ್ ಎಂಬ ಗಿಡ್ಡ ಕೊಕ್ಕಿನ ತಳಿಯ ಪಾರಿವಾಳದ ಜೋಡಿ ಇದೆ. ಮರಿಗೆ ಸರಿಯಾಗಿ ಗುಟುಕು ಕೊಡಲು ಅವಕ್ಕೆ ಆಗುವುದಿಲ್ಲ. ಮೊಟ್ಟೆ ಕೊಡ್ತೀನಿ, ನಿನ್ನ ಹಕ್ಕಿಗಳ ಕೆಳಗೆ ಇಟ್ಟು ಮರಿ ಮಾಡಿಸು ಅಂದಿದ್ದಾರೆ. 8 ಗಂಟೆ ದಾರಿ. ನನ್ನ ಹತ್ತಿರ ಹೋಮರ್ ತಳಿಯ ಎರಡು ಜೋಡಿ ಇವೆ. ಒಂದು ಕಾವಿಗೆ ಕೂತು 6 ದಿನವಾಯಿತು. ಇನ್ನೊಂದು ಈಗಷ್ಟೇ ಕಡ್ಡಿ ಹೊರುತ್ತಿದೆ. ಹೇಗೆ ತರಲಿ, ಯಾವ ಜೋಡಿಗೆ ಇಡಲಿ?

ಸಂಜೆಹಾರಾಟ:
ನಾನು ಮೂರು ಸಲ ಹೋಗಿ ಬಂದೆ. ತಂದದ್ದು 6 ಮೊಟ್ಟೆ, ಸಿಕ್ಕಿದ್ದು ಒಂದೇ ಮರಿ.

ಮೊದಲ ಸಲ ಟಿಫಿನ್ ಡಬ್ಬಿಗೆ ಹತ್ತಿ ತುಂಬಿ ತಂದೆ. ಬಸ್ಸಿನಲ್ಲಿ ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಸೀಟು. ಡಬ್ಬಿಯನ್ನು ಕಾಲ ಬಳಿ ಇಟ್ಟುಕೊಂಡೆ. ಮನೆಗೆ ಬಂದವನೇ ಗೂಡಿಗೆ ಇಟ್ಟೆ. 5ನೇ ದಿನ ಟಾರ್ಚ್ ಹಿಡಿದರೆ ಎರಡೂ ತಿಳಿಯಾಗಿ ಹೊಳೆದವು. ಒಂದೇ ಒಂದು ಕೆಂಪು ನರ ಇಲ್ಲ, ಮರಿ ಕಟ್ಟಿಯೇ ಇರಲಿಲ್ಲ. ಎರಡನೇ ಸಲ ಒಂದರಲ್ಲಿ ಕೂದಲೆಳೆಯಷ್ಟು ಬಿರುಕು. ಉಗುರು ಬಣ್ಣ ಸವರಿ ಇಟ್ಟೆ. 12ನೇ ದಿನ ವಾಸನೆ ಬಂತು. ಇನ್ನೊಂದರಲ್ಲಿ ಮರಿ ಪೂರ್ತಿ ಬೆಳೆದಿತ್ತು, ಒಳಗೇ ಸತ್ತಿತ್ತು. ಒಡೆದು ನೋಡಬಾರದಿತ್ತು, ನೋಡಿದೆ. ಆ ದಿನ ಊಟ ಸೇರಲಿಲ್ಲ.

ಮೂರನೇ ಸಲ ದಪ್ಪ ಸ್ಪಂಜಿನಲ್ಲಿ ಗುಳಿ ಕೊರೆದೆ. ಒಂದೊಂದನ್ನೂ ಟಿಶ್ಯೂ ಸುತ್ತಿ, ಚೂಪು ತುದಿ ಕೆಳಗೆ ಮಾಡಿ ಇಟ್ಟೆ. ರಾತ್ರಿಯಿಡೀ ಡಬ್ಬಿ ತೊಡೆ ಮೇಲೆ. ಮನೆಗೆ ಬಂದ ಮೇಲೂ ಅರ್ಧ ದಿನ ಅಲುಗಾಡಿಸದೆ ತಂಪಾದ ಕೋಣೆಯಲ್ಲಿ ಬಿಟ್ಟೆ. ಅಷ್ಟು ಹೊತ್ತು ಹೋಮರ್ ಜೋಡಿ ಕಾವು ಬಿಡದಿರಲೆಂದು ಇಟ್ಟ ಮರದ ನಕಲಿ ಮೊಟ್ಟೆ ಮೇಲೆ ಕೂತಿತ್ತು. ಒಂದು ಗೊಡ್ಡು, ಒಂದು ಮರಿಯಾಯಿತು. ಕುಲುಕಾಟವೇ ಶತ್ರು, ನೆನಪಿಡಿ.

ಬೂದುರೆಕ್ಕೆ:
ಕುಲುಕಾಟ ಅಲ್ಲ ಸರ್, ತಾರೀಕು. ನನ್ನ ಮೊಟ್ಟೆಗಳು ಕಾರಿನಲ್ಲಿ ಚೆನ್ನಾಗಿಯೇ ಬಂದವು. ಆದರೆ ಅವು ಆಗಲೇ 5 ದಿನ ಕಾವು ಕಂಡಿದ್ದವು. ನಾನು ಇಟ್ಟಿದ್ದು ಆಗಷ್ಟೇ ಎರಡನೇ ಮೊಟ್ಟೆ ಹಾಕಿದ ಜೋಡಿಗೆ. ಕಾವು ಒಂದೇ ಅಲ್ವಾ ಅಂದುಕೊಂಡೆ. ಎರಡೂ ಒಡೆದವು! ಕುಣಿದಾಡಿದೆ. ಆದರೆ ಆ ಜೋಡಿಗೆ ಅದು ಇನ್ನೂ 13ನೇ ದಿನ. ತಾಯಿ ತಂದೆಯ ಕೊರಳಚೀಲದಲ್ಲಿ ಹಾಲು, ಅಂದರೆ ಮರಿಗೆ ಕಕ್ಕಿ ಉಣಿಸುವ ಮೊದಲ ಆಹಾರ, ಕೂಡುವುದು ಮರಿ ಬರುವ ಒಂದೆರಡು ದಿನ ಮುಂಚೆ. ಮರಿಗಳು ಬಾಯಿ ಚಾಚುತ್ತಿದ್ದವು, ತಾಯಿ ತಂದೆ ಎರಡೂ ಸುಮ್ನೆ ಮೈ ಮುಚ್ಚಿ ಕೂತಿದ್ದವು. ಹೊಟ್ಟೆಯಲ್ಲಿ ಉಳಿದಿದ್ದ ಮೊಟ್ಟೆಯ ಹಳದಿ ಮುಗಿಯುವವರೆಗೆ ಬದುಕಿದವು. ಎರಡನೇ ರಾತ್ರಿ ಒಂದು, ಮರುದಿನ ಬೆಳಿಗ್ಗೆ ಇನ್ನೊಂದು. ಇದಾಗಿ ಎರಡು ವರ್ಷವಾಯಿತು, ಆ ಗೂಡಿನ ಮೂಲೆಯಲ್ಲಿ ಇನ್ನೂ ಬೇರೆ ಜೋಡಿ ಇಟ್ಟಿಲ್ಲ.

ಸಾಕುವ ಜೋಡಿ ಒಂದೆರಡು ದಿನ ಮುಂದಿದ್ದರೆ ನಡೆಯುತ್ತದೆ. ಹಿಂದಿದ್ದರೆ ಬೇಡ.

ಮಾಡಿನಮೇಲೆ:
ಇಷ್ಟೆಲ್ಲ ಒದ್ದಾಟ ಯಾಕೆ? ನಾನು ಇನ್‌ಕ್ಯುಬೇಟರಿನಲ್ಲಿ ಇಟ್ಟೆ. 37.5 ಡಿಗ್ರಿ, ದಿನಕ್ಕೆ ಐದಾರು ಸಲ ಹೊರಳಿಸಿದೆ, ರಾತ್ರಿ 2 ಗಂಟೆಗೂ ಅಲಾರಾಂ ಇಟ್ಟು ಎದ್ದೆ. ಚಿಪ್ಪಿನಲ್ಲಿ ತೂತು ಕಂಡ ಮೇಲೆ ಜೋಡಿಯ ಕೆಳಗೆ ಸರಿಸಿದೆ. 6ರಲ್ಲಿ 4 ಮರಿ. ಯಾರ ಲೆಕ್ಕ ಇದಕ್ಕಿಂತ ಚೆನ್ನಾಗಿದೆ ಹೇಳಿ.

ಬೂದುರೆಕ್ಕೆ:
ಸರಿಸಿದ ಜೋಡಿಗಳ ಸ್ವಂತ ಮೊಟ್ಟೆಯೂ ಅದೇ ದಿನ ಒಡೆಯುತ್ತಿದ್ದವು ತಾನೇ? ಅದನ್ನು ಯಾಕೆ ಬರೆಯಲಿಲ್ಲ? ಹಾಲು ಮೆಷಿನ್ ಕೊಡಲಿಲ್ಲ, ಹಕ್ಕಿ ಕೊಟ್ಟಿತು. ಹೊಸಬರು ಇದನ್ನು ಓದಿ ಮೆಷಿನ್ ತಂದು, ಮರಿ ಬಂದ ಮೇಲೆ ಸಿರಿಂಜ್ ಹಿಡಿದು ಅಳುತ್ತಾರೆ. ಮೊದಲ ಮೂರು ನಾಲ್ಕು ದಿನದ ಹಾಲಿಗೆ ಸುಲಭದ ಬದಲಿ ಇಲ್ಲ.

ಮಾಡಿನಮೇಲೆ:
ಜೋಡಿ ಬೇಡ ಅಂತ ನಾನೆಲ್ಲಿ ಹೇಳಿದೆ? ನಿಮ್ಮ ಮರಿ ಸತ್ತ ಸಿಟ್ಟನ್ನು ನನ್ನ ಮೇಲೆ ತೀರಿಸಬೇಡಿ.

ಬೂದುರೆಕ್ಕೆ:
ಸಿಟ್ಟೇ ಬಂದಿದೆ. ಅವತ್ತು ನನಗೂ ಯಾರೋ ನಿಮ್ಮಷ್ಟೇ ಧೈರ್ಯದಿಂದ ಅರ್ಧ ಮಾತು ಹೇಳಿದ್ದರು.

ಜೋಡಿಹಕ್ಕಿ:
ಮೊಟ್ಟೆ ಹಾಕುವ ಹೆಣ್ಣಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಾನು ಕೊಡುವ ಕಡೆಯವಳು. ಕೇಳಿದವರಿಗೆಲ್ಲ ಮೊಟ್ಟೆ ಎತ್ತಿ ಕೊಟ್ಟೆ. ಎತ್ತಿದ ಹತ್ತು ಹನ್ನೆರಡು ದಿನಕ್ಕೆ ಮತ್ತೆ ಎರಡು ಇಡುತ್ತಿದ್ದಳು. ಐದನೇ ಸುತ್ತಿಗೆ ಚಿಪ್ಪು ತೆಳುವಾಯಿತು. ಆರನೇ ಸುತ್ತಿನಲ್ಲಿ ಮೊಟ್ಟೆ ಒಳಗೇ ಸಿಕ್ಕಿಕೊಂಡಿತು. ಬಾಲ ಕೆಳಗೆ ಮಾಡಿ, ಮೈ ಉಬ್ಬಿಸಿ ಮೂಲೆಯಲ್ಲಿ ಕೂತಳು. ಬಿಸಿನೀರಿನ ಬಟ್ಟೆ ಹಿಡಿದೆ, ಎಣ್ಣೆ ಸವರಿದೆ. ಬೆಳಿಗ್ಗೆಗೆ ಹೋಗಿದ್ದಳು. ಅವಳ ಕೆಳಗೆ ಮರದ ಮೊಟ್ಟೆ ಇಟ್ಟು ಕೂರಲು ಬಿಟ್ಟಿದ್ದರೆ ಮೈ ಸುಧಾರಿಸಿಕೊಳ್ಳುತ್ತಿದ್ದಳು. ಚಿಪ್ಪಿನ ಪುಡಿ, ಗ್ರಿಟ್ (ಹಕ್ಕಿ ನುಂಗುವ ಸಣ್ಣ ಕಲ್ಲಿನ ಚೂರು) ಎಷ್ಟು ಇಟ್ಟರೂ ಸಾಲಲಿಲ್ಲ.

ಸಂಜೆಹಾರಾಟ:
ನಿಮ್ಮ ನೋವು ಅರ್ಥವಾಗುತ್ತದೆ ಮೇಡಂ. ಆದರೆ ಅವರು ಕೇಳಿದ್ದು ಒಂದೇ ಒಂದು ಸಲ ತರುವ ಬಗ್ಗೆ.

ಜೋಡಿಹಕ್ಕಿ:
ನೀವೇ ಮೂರು ಸಲ ಹೋದವರು. ಆ ಆರೂ ಮೊಟ್ಟೆ ಒಬ್ಬಳೇ ಇಟ್ಟಿದ್ದಾ? ಕೇಳಿದ್ದೀರಾ?

ಸಂಜೆಹಾರಾಟ:
ಒಬ್ಬಳೇ. ಎರಡು ತಿಂಗಳ ಒಳಗೆ. ಕೇಳಬೇಕಿತ್ತು, ಕೇಳಲಿಲ್ಲ.

ಹೊಸಗೂಡು:
ಕಡ್ಡಿ ಹೊರುತ್ತಿದ್ದ ನನ್ನ ಜೋಡಿ ನಿನ್ನೆ ಸಂಜೆ ಮೊದಲ ಮೊಟ್ಟೆ ಇಟ್ಟಿದೆ. ಗೆಳೆಯರ ಟಂಬ್ಲರ್ ಇಂದು ಮಧ್ಯಾಹ್ನ ಎರಡನೆಯದು ಇಟ್ಟಿದೆಯಂತೆ. 6 ದಿನದ್ದನ್ನು ಬಿಟ್ಟುಬಿಡಲಾ?

ಬೂದುರೆಕ್ಕೆ:
ಬಿಡಿ. 6 ದಿನದ್ದು ಕಾದು ಕಾದು ಎದ್ದುಬಿಡಬಹುದು. ಈಗಿನದು ಹೊಂದುತ್ತದೆ. ನಾಳೆಯೇ ಹೊರಡಿ. ಗೆಳೆಯರಿಗೆ ಈಗಲೇ ಫೋನ್ ಮಾಡಿ, ಎರಡೂ ಮೊಟ್ಟೆ ಕಾವಿನಿಂದ ತೆಗೆದು ತಂಪಿನಲ್ಲಿ ಇಡಲು ಹೇಳಿ, ಆಗ ಅವು ನಿಮ್ಮ ಜೋಡಿಗಿಂತ ಮುಂದೆ ಹೋಗುವುದಿಲ್ಲ. ತೊಳೆಯಬಾರದು. ಪೆನ್ಸಿಲಿನಲ್ಲಿ ತಾರೀಕು ಬರೆಯಲಿ. ನಿಮ್ಮ ಹೋಮರ್‌ಗಳ ಬಾಯಿ ಬಿಡಿಸಿ ನೋಡಿ, ಹಳದಿ ಗಂಟು ಕಂಡರೆ ಅದು ಕ್ಯಾಂಕರ್ ಎಂಬ ಬಾಯಿ ಗಂಟಲಿನ ಸೋಂಕು ಇರಬಹುದು, ಹಾಲಿನ ಜೊತೆ ಮರಿಗೆ ಇಳಿಯುತ್ತದೆ.

ಮಾಡಿನಮೇಲೆ:
ಪೆನ್ಸಿಲ್ ಯಾಕೆ? ನಾನು ಮಾರ್ಕರಿನಲ್ಲೇ ಬರೆದಿದ್ದು, ಏನೂ ಆಗಿಲ್ಲ.

ಬೂದುರೆಕ್ಕೆ:
6ರಲ್ಲಿ 2 ಒಡೆಯಲಿಲ್ಲ ಅಂತ ನೀವೇ ಲೆಕ್ಕ ಕೊಟ್ಟಿದ್ದೀರಿ.

ಜೋಡಿಹಕ್ಕಿ:
ಹೊಸಗೂಡು, ಮರದ ಮೊಟ್ಟೆ ಎರಡಲ್ಲ, ನಾಲ್ಕು ಹೊಂದಿಸಿಕೊಳ್ಳಿ. ಎರಡು ನಿಮ್ಮ ಹೋಮರ್‌ಗೆ. ಇನ್ನೆರಡನ್ನು ತೆಗೆದುಕೊಂಡು ಹೋಗಿ ಆ ಟಂಬ್ಲರ್ ಹೆಣ್ಣಿನ ಕೆಳಗೆ ನೀವೇ ಇಟ್ಟು ಬನ್ನಿ.